ಹೊಗೆಯನ್ನು ತೂಗಿದರೆ ಸಾಲದು

ನಮ್ಮ ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ವಿಜ್ಞಾನದ ಲೇಖನಗಳು ಸಾಮಾನ್ಯವಾಗಿ ವೈದ್ಯರ, ಇಂಜಿನಿಯರರ, ಪ್ರಾಧ್ಯಾಪಕರ ಪಾಲಿಗೆ ಬರುತ್ತವೆ. ಗೃಹಿಣಿಯರ ಪಾಲಿಗೆ ಹಬ್ಬದ ಅಡುಗೆ, ಸಂಪ್ರದಾಯದ ಹಾಡು, ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಬಗೆ. ಈ ಹಂಚಿಕೆಯಲ್ಲಿ ನನಗೆ ತಕರಾರೇನೂ ಇಲ್ಲ. ಆದರೆ ಹೊಗೆಯ ವಿಷಯದಲ್ಲಿ ಮಾತನಾಡುವ ಅಧಿಕಾರ ಯಾರಿಗಿದೆ ಎಂದು ಕೇಳಿದರೆ, ಒಲೆಯ ಮುಂದೆ ಆಯುಷ್ಯದ ಅರ್ಧಭಾಗವನ್ನು ಕಳೆದವರಿಗೆ ಅದು ಮೊದಲು ಸಲ್ಲುತ್ತದೆ ಎಂದು ಧೈರ್ಯವಾಗಿ ಹೇಳುವೆ. ನಾನು ಕಲಾ ವಿಭಾಗದ ಪದವೀಧರೆ. ಇತಿಹಾಸ ಮತ್ತು ಕನ್ನಡ ಸಾಹಿತ್ಯ ನನ್ನ ವಿಷಯಗಳು. ರಸಾಯನಶಾಸ್ತ್ರದ ನಂಟು ಪ್ರೌಢಶಾಲೆಯೊಂದಿಗೇ ಮುಗಿಯಿತು. ಆದರೂ ಐರ್ಲೆಂಡಿನಲ್ಲಿ ಸಂಸಾರ ನಡೆಸಿಕೊಂಡು ಬಂದ ಈ ಎರಡು ದಶಕಗಳಲ್ಲಿ, ಇಲ್ಲಿನ ಗಾಳಿ ಮತ್ತು ಹೊಗೆಯನ್ನು ಕುರಿತ ವಿದ್ಯೆಯನ್ನು ಆಸಕ್ತಿಯಿಂದ ಹಿಂಬಾಲಿಸಿದ್ದೇನೆ. ಆ ಓದಿನಿಂದ ಮೂಡಿದ ಒಂದು ಅಭಿಪ್ರಾಯವನ್ನು ಪ್ರತಿನಿಧಿ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಅಭಿಪ್ರಾಯ ಇಷ್ಟೇ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಲೋಕವು ಇಂದಿಗೂ ಬಹುಮಟ್ಟಿಗೆ ತೂಕದಿಂದಲೇ ಅಳೆಯುತ್ತಿದೆ. ಅವುಗಳ ಮೈಮೇಲೆ ಏನಿದೆ ಎಂಬುದನ್ನು ಬೆಳಕಿನ ನೆರವಿನಿಂದ ಓದುವ ವಿದ್ಯೆ ಕೈಯಲ್ಲಿದ್ದರೂ, ಅದು ಹೇಳುವ ಮಾತಿಗೆ ಕಿವಿಗೊಡಲು ಸರ್ಕಾರಗಳೂ ಜನರೂ ಹಿಂಜರಿಯುತ್ತಾರೆ. ಆ ಮಾತು ಹಲವು ಸಲ ನಮಗೆ ಪ್ರಿಯವಾದ ಹೊಗೆಯ ವಿರುದ್ಧ ಹೋಗುವುದೇ ಇದಕ್ಕೆ ಕಾರಣವೆಂದು ನಾನು ಭಾವಿಸುತ್ತೇನೆ. ಐರಿಷ್ ಜನರಿಗೆ ಪ್ರಿಯವಾದ ಹೊಗೆಯೊಂದಿದೆ, ನಮಗೂ ಇದೆ. ಎರಡರ ವಿಚಾರವನ್ನೂ ಮುಂದೆ ಹೇಳುವೆ.

ಮೊದಲು ತೂಕದ ಮಾತು. ವಾಯುಗುಣಮಟ್ಟದ ಕೇಂದ್ರಗಳು ಪ್ರತಿದಿನ ಪ್ರಕಟಿಸುವ ಅಂಕಿ ಏನನ್ನು ಹೇಳುತ್ತದೆ? ಒಂದು ಘನ ಮೀಟರ್ ಗಾಳಿಯಲ್ಲಿ, ವ್ಯಾಸ 2.5 ಮೈಕ್ರೋಮೀಟರಿಗಿಂತ ಕಡಿಮೆಯಿರುವ ಕಣಗಳೆಲ್ಲ ಸೇರಿ ಎಷ್ಟು ಮೈಕ್ರೋಗ್ರಾಂ ತೂಗುತ್ತವೆ ಎಂಬುದನ್ನು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಆ ಲೆಕ್ಕದಲ್ಲಿ ಈ ಕಣಗಳು ಎಷ್ಟು ಸಣ್ಣವೆಂದು ಊಹಿಸಬಹುದು. ಈ ಅಂಕಿ ಉಪಯುಕ್ತ, ಅದನ್ನು ಹೀಗಳೆಯುವುದಿಲ್ಲ. ಆದರೆ ತಕ್ಕಡಿಗೆ ಉಪ್ಪೂ ಒಂದೇ, ಮಸಿಯೂ ಒಂದೇ. ಅಟ್ಲಾಂಟಿಕ್ ಸಾಗರದಿಂದ ಬೀಸಿಬಂದ ಹತ್ತು ಮೈಕ್ರೋಗ್ರಾಂ ಉಪ್ಪಿನ ಕಣಕ್ಕೂ, ಪಕ್ಕದ ಮನೆಯ ಹೊಗೆಕೊಳವೆಯಿಂದ ಇಳಿದುಬಂದ ಹತ್ತು ಮೈಕ್ರೋಗ್ರಾಂ ಮಸಿಗೂ ಅದು ಭೇದವೆಣಿಸುವುದಿಲ್ಲ.

ಅಡುಗೆ ಮಾಡುವ ಯಾರಿಗಾದರೂ ತೂಕಕ್ಕಿಂತ ಮೇಲ್ಮೈ ದೊಡ್ಡದೆಂಬುದು ತಿಳಿದೇ ಇದೆ. ಹತ್ತು ಕಾಳುಮೆಣಸನ್ನು ಇಡಿಯಾಗಿ ಸಾರಿಗೆ ಹಾಕಿದರೆ ಖಾರ ಎಷ್ಟೋ ಅಷ್ಟೇ. ಅದೇ ಹತ್ತು ಕಾಳನ್ನು ಕುಟ್ಟಿ ಹಾಕಿದರೆ ಮೂಗಿನಲ್ಲಿ ನೀರು. ಮೆಣಸಿನ ತೂಕ ಹೆಚ್ಚಲಿಲ್ಲ, ಹೊರಮೈ ಹೆಚ್ಚಿತು. ಗುಂಡಗಿನ ಒಂದು ಕಣವನ್ನು, ವ್ಯಾಸದಲ್ಲಿ ಅದರ ಹತ್ತನೇ ಒಂದರಷ್ಟಿರುವ ಸಾವಿರ ಕಣಗಳನ್ನಾಗಿ ಒಡೆದರೆ ಒಟ್ಟು ತೂಕ ಹಾಗೆಯೇ ಉಳಿದು, ಮೇಲ್ಮೈ ಹತ್ತುಪಟ್ಟಾಗುತ್ತದೆ. ಗಾಳಿಯ ಓಝೋನ್ ಬಂದು ತಾಗುವುದು ಈ ಮೇಲ್ಮೈಗೆ. ನೀರಿನ ಆವಿ ಬಂದು ಅಂಟಿಕೊಳ್ಳುವುದು ಇದಕ್ಕೆ. ಶ್ವಾಸಕೋಶದ ಒದ್ದೆ ಪೊರೆಯನ್ನು ಮೊದಲು ಮುಟ್ಟುವುದೂ ಇದೇ. ಹಾಲಿನ ಪಾತ್ರೆಯ ಮೇಲೆ ಕೆನೆ ಕಟ್ಟಿದಂತೆ, ಅನೇಕ ವಾಯುಕಣಗಳ ಮೈಮೇಲೆ ಒಳಗಿನ ಪದಾರ್ಥಕ್ಕಿಂತ ಬೇರೆಯಾದ ಒಂದು ತೆಳುಪೊರೆ ಇರುತ್ತದೆ. ಕೆನೆಯನ್ನು ನೋಡದೆ ಹಾಲನ್ನು ತೂಗಿ ಏನು ಪ್ರಯೋಜನ?

ಈ ಕೆನೆಯನ್ನು ನೋಡುವ ಬಗೆ ರೋಹಿತದರ್ಶನ, ಎಂದರೆ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ಓದುವ ವಿದ್ಯೆ. ಅದರ ಮೂಲಪುರುಷರಲ್ಲಿ ಇಬ್ಬರು ಐರ್ಲೆಂಡಿನ ಹಳ್ಳಿಗಳಲ್ಲಿ ಹುಟ್ಟಿದವರು ಎಂಬುದನ್ನು ಹೇಳುವಾಗ, ಈ ದೇಶದ ಅನ್ನ ಉಂಡ ನನಗೆ ಸ್ವಲ್ಪ ಅಭಿಮಾನ. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1819ರಲ್ಲಿ ಸ್ಲೈಗೋ ಪ್ರಾಂತದ ಸ್ಕ್ರೀನ್ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ, ಅದಕ್ಕಿಂತ ಉದ್ದನೆಯ ಅಲೆಯುಳ್ಳ ಬೆಳಕನ್ನು ಹೊರಸೂಸುತ್ತವೆ ಎಂಬುದನ್ನು 1852ರಲ್ಲಿ ವಿವರಿಸಿದವರು ಅವರು. ಜಾನ್ ಟಿಂಡಲ್ ಮರುವರ್ಷವೇ, 1820ರಲ್ಲಿ, ಕಾರ್ಲೋ ಪ್ರಾಂತದ ಲೀಲಿನ್‌ಬ್ರಿಜ್ ಎಂಬ ಊರಿನಲ್ಲಿ ಹುಟ್ಟಿದರು. ಭೂಮಾಪನ ಇಲಾಖೆಯ ಸಣ್ಣ ನೌಕರಿಯಿಂದ ಮೇಲೇರಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಾಧ್ಯಾಪಕರಾದರು. ನೀರಾವಿ, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ಶಾಖಕಿರಣಗಳನ್ನು ಎಷ್ಟೆಷ್ಟು ಹೀರುತ್ತವೆ ಎಂದು 1859ರಿಂದ ಅಳೆದವರು. ಸೂರ್ಯನ ಶಾಖವನ್ನು ಅನಿಲಗಳು ಹಿಡಿದಿಡುವುದನ್ನು ಗಾಜಿನ ಕೊಳವೆಗಳಿಂದ ತೋರಿಸಿ 1856ರಲ್ಲಿಯೇ ಪ್ರಕಟಿಸಿದ್ದ ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆಯ ಹೆಸರು ಬಹುಕಾಲ ಮರೆಯಾಗಿತ್ತು. ಅದನ್ನೂ ಇಲ್ಲಿ ನೆನೆಯುವುದು ನ್ಯಾಯ.

ಟಿಂಡಲ್ ಅವರು ನನಗೆ ಹತ್ತಿರವಾದದ್ದು ಧೂಳಿನ ಮೂಲಕ. ಕತ್ತಲೆ ಕೋಣೆಯೊಳಗೆ ತೂರಿಬಂದ ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ಯಾರು ಕಂಡಿಲ್ಲ? ಅವರು ಗಾಳಿಯನ್ನು ದೀಪದ ಜ್ವಾಲೆಯ ಮೇಲೆ ಹಾಯಿಸಿ ಗಾಜಿನ ಕೊಳವೆಗೆ ತುಂಬಿ, ಅದರೊಳಗೆ ಬೆಳಕನ್ನು ಬಿಟ್ಟರು. ಬೆಳಕಿನ ಕೋಲು ಮಾಯವಾಗಿತ್ತು. ಧೂಳು ಸುಟ್ಟುಹೋಗಿತ್ತು. ಲಂಡನ್ನಿನ ದಿವಾನಖಾನೆಗಳ ಧೂಳು ಬಹುಪಾಲು ಮಣ್ಣುಕಲ್ಲಲ್ಲ, ಸುಡುವಂಥ ಸಾವಯವ ವಸ್ತು ಎಂದು ಅವರು ತೀರ್ಮಾನಿಸಿದರು. 1870ರಲ್ಲಿ ಧೂಳು ಮತ್ತು ರೋಗ ಎಂಬ ವಿಷಯವಾಗಿ ಉಪನ್ಯಾಸವನ್ನೇ ಮಾಡಿದರು. ಧೂಳು ಎಷ್ಟಿದೆ ಎಂದು ಕೇಳುವುದನ್ನು ಬಿಟ್ಟು ಧೂಳು ಏನು ಎಂದು ಕೇಳಿದ್ದು ಅವರ ಹಿರಿಮೆ. ಅದಕ್ಕೆ ಸ್ವಲ್ಪ ಮುಂಚೆ, 1868–69ರಲ್ಲಿ, ಕೆಲವು ದ್ರವಗಳ ಆವಿಯನ್ನು ಕೊಳವೆಯಲ್ಲಿ ತುಂಬಿ ತೀಕ್ಷ್ಣವಾದ ಬೆಳಕನ್ನು ಹಾಯಿಸಿದಾಗ ಬೆಳಕೇ ಆವಿಯನ್ನು ಮಾರ್ಪಡಿಸಿ ಕಣಗಳನ್ನು ಹುಟ್ಟಿಸುವುದನ್ನು ಅವರು ಕಂಡಿದ್ದರು. ಕಣಗಳು ಅತಿ ಸಣ್ಣವಿದ್ದಾಗ ಕೊಳವೆಯೊಳಗೆ ಆಕಾಶದ ನೀಲಿ. ಬೆಳೆದಂತೆಲ್ಲ ಮೋಡದ ಬಿಳಿ.

ಸಮುದ್ರದ ನೀಲಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಚಂದ್ರಶೇಖರ ವೆಂಕಟರಾಮನ್. 1921ರ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ಬಣ್ಣವನ್ನು ಕಂಡು ಆರಂಭವಾದ ಅವರ ಚಿಂತನೆ 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಫಲಿಸಿತು. ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, 1948ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಅಲ್ಲಿ ಕಟ್ಟಿದರು, 1970ರಲ್ಲಿ ಅಲ್ಲಿಯೇ ಕಾಲವಾದರು. ಬೆಂಗಳೂರಿನವರು ಅವರನ್ನು ನಮ್ಮವರೆಂದೇ ಎಣಿಸಿದ್ದರೆ ಅದರಲ್ಲಿ ಅತಿಶಯವಿಲ್ಲ. ಅವರ ಶೋಧವನ್ನು ನನ್ನಂಥವಳು ಅರ್ಥಮಾಡಿಕೊಂಡ ರೀತಿ ಇದು: ಪ್ರತಿಯೊಂದು ಅಣುವೂ ತನ್ನದೇ ಲಯದಲ್ಲಿ ಕಂಪಿಸುತ್ತಿರುತ್ತದೆ. ಅದಕ್ಕೆ ತಾಗಿ ಚದರುವ ಬೆಳಕಿನಲ್ಲಿ ಕೋಟಿಗೊಂದರಷ್ಟು ಪಾಲು, ಸುಂಕದ ಕಟ್ಟೆಯಲ್ಲಿ ಸುಂಕ ತೆತ್ತವರಂತೆ, ಆ ಕಂಪನಕ್ಕೆ ತಕ್ಕಷ್ಟು ಶಕ್ತಿಯನ್ನು ಕಳೆದುಕೊಂಡು ಬಣ್ಣ ಬದಲಿಸಿ ಹೊರಬರುತ್ತದೆ. ತೆತ್ತ ಸುಂಕವನ್ನು ನೋಡಿದರೆ ಕಟ್ಟೆ ಯಾವುದೆಂದು ತಿಳಿಯುತ್ತದೆ. ಹೀಗೆ ಉದ್ದನೆಯ ಅಲೆಯಾಗಿ ಹೊರಬಂದ ಗೆರೆಗಳಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಸ್ಟೋಕ್ಸ್ ಗೆರೆಗಳು. ಸ್ಲೈಗೋದ ಪಾದ್ರಿಯ ಮಗನ ಹೆಸರೂ ಬೆಂಗಳೂರಿನ ರಾಮನ್ನರ ಹೆಸರೂ ಒಂದೇ ರೋಹಿತದ ಮೇಲೆ ಕುಳಿತಿವೆ.

ಇಂದು ಪ್ರಯೋಗಶಾಲೆಯಲ್ಲಿ ಒಂದೇ ಒಂದು ವಾಯುಕಣವನ್ನು ಲೇಸರ್ ಕಿರಣದ ಚಿಮ್ಮಟದಲ್ಲಿ ಗಾಳಿಯಲ್ಲೇ ಹಿಡಿದು ನಿಲ್ಲಿಸಿ, ಅದರ ರಾಮನ್ ರೋಹಿತವನ್ನು ಗಂಟೆಗಟ್ಟಲೆ ಓದಬಹುದು. ಅವಕೆಂಪು ಕಿರಣಗಳಲ್ಲಿ ಯಾವ ಅಲೆಗಳು ಕಾಣೆಯಾದವು ಎಂದು ನೋಡಿ ಕಣದ ಪದಾರ್ಥವನ್ನು ಗುರುತಿಸುವುದು ಟಿಂಡಲ್ ಅವರ ಮಾರ್ಗದ ಮುಂದುವರಿಕೆ. ಕಾರ್ಕ್ ನಗರದ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಅತಿ ನಯವಾದ ಎರಡು ಕನ್ನಡಿಗಳ ನಡುವೆ ಬೆಳಕನ್ನು ಸಾವಿರಾರು ಬಾರಿ ಪುಟಿಸಿ, ಗಾಳಿಯಲ್ಲಿರುವ ಅತ್ಯಲ್ಪ ಪದಾರ್ಥವನ್ನೂ ಪತ್ತೆಮಾಡುವ ಕೆಲಸ ನಡೆದಿದೆ. ಇವೆಲ್ಲ ಕಣವನ್ನು ಇಡಿಯಾಗಿ ಓದುವ ಬಗೆಗಳು. ಪೊರೆಯನ್ನಷ್ಟೇ ಓದುವ ಇನ್ನೊಂದು ಬಗೆಯನ್ನು ಅಮೆರಿಕದ ಬರ್ಕ್ಲಿಯಲ್ಲಿ ವೈ. ಆರ್. ಶೆನ್ ಅವರ ತಂಡ 1987ರಲ್ಲಿ ತೋರಿಸಿಕೊಟ್ಟಿತು. ಒಂದು ಅವಕೆಂಪು ಲೇಸರನ್ನೂ ಕಣ್ಣಿಗೆ ಕಾಣುವ ಇನ್ನೊಂದು ಲೇಸರನ್ನೂ ಒಂದೇ ಜಾಗದಲ್ಲಿ ಸಂಧಿಸುವಂತೆ ಬಿಟ್ಟರೆ, ಎರಡೂ ಕೂಡಿ ಮೂರನೆಯ ಬಣ್ಣವೊಂದು ಹುಟ್ಟುತ್ತದೆ. ಒಳಗಿನ ದ್ರವದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ಮುಖಮಾಡಿರುವುದರಿಂದ ಅಲ್ಲಿ ಅದು ಹುಟ್ಟದು. ಅಣುಗಳು ಒಂದೇ ಕಡೆಗೆ ತಲೆಮಾಡಿ ಸಾಲುನಿಂತ ಮೇಲ್ಮೈಯಲ್ಲಿ ಮಾತ್ರ ಹುಟ್ಟುತ್ತದೆ. ಪ್ರಕೃತಿಯೇ ಕೆನೆಯನ್ನು ಬೇರ್ಪಡಿಸಿ ಕೊಟ್ಟಂತಾಯಿತು.

ಇದೆಲ್ಲ ಕನ್ನಡಿಗಳ, ಲೇಸರುಗಳ ಮಾತಾಯಿತು. ನಿಜವಾದ ಗಾಳಿಯಲ್ಲಿ ಪೊರೆ ಎಲ್ಲಿದೆ ಎಂದು ಕೇಳುವವರು ಐರ್ಲೆಂಡಿನ ಪಶ್ಚಿಮ ಕರಾವಳಿಗೆ ಬರಬೇಕು. ಗಾಲ್ವೇ ಪ್ರಾಂತದಲ್ಲಿ, ಇಂದಿಗೂ ಐರಿಷ್ ಭಾಷೆಯನ್ನಾಡುವ ಕಾರ್ನಾ ಎಂಬ ಗ್ರಾಮದ ಬಳಿ, ಮೇಸ್ ಹೆಡ್ ಎಂಬ ಬಂಡೆಗಲ್ಲಿನ ಚಾಚಿನ ಮೇಲೆ 1958ರಿಂದ ಒಂದು ವಾಯುವೀಕ್ಷಣಾ ಕೇಂದ್ರವಿದೆ. ಗಾಲ್ವೇ ವಿಶ್ವವಿದ್ಯಾಲಯ ನಡೆಸುವ ಈ ಕೇಂದ್ರಕ್ಕೆ ಅಟ್ಲಾಂಟಿಕ್ ಸಾಗರವನ್ನು ದಾಟಿದ ಗಾಳಿ ನೇರವಾಗಿ ಬಂದು ಬಡಿಯುತ್ತದೆ. ಈ ದೇಶದಲ್ಲಿ ಕಣಗಳನ್ನು ಎಣಿಸುವ ಪರಂಪರೆ ಅದಕ್ಕೂ ಹಳೆಯದು. 1939ರಲ್ಲಿ ಪ್ರಾಗ್ ನಗರದಿಂದ ತಪ್ಪಿಸಿಕೊಂಡು ಬಂದ ಲಿಯೋ ಪೊಲಾಕ್ ಮತ್ತು ಡಬ್ಲಿನ್ನಿನ ಪಿ. ಜೆ. ನೋಲನ್ 1946ರಲ್ಲಿ ಪ್ರಕಟಿಸಿದ ಕಣಗಣಕವನ್ನು ಲೋಕದ ಪ್ರಯೋಗಶಾಲೆಗಳು ದಶಕಗಳ ಕಾಲ ನೆಚ್ಚಿಕೊಂಡಿದ್ದವು. ವಲಸೆ ಬಂದವನು ಬಂದ ನಾಡಿಗೆ ಏನು ಕೊಡಬಲ್ಲ ಎಂಬುದಕ್ಕೆ ನಮ್ಮ ಸಮ್ಮೇಳನಗಳಲ್ಲಿ ಉದಾಹರಿಸಲು ಪೊಲಾಕ್ ಒಳ್ಳೆಯ ಹೆಸರು.

ಮೇಸ್ ಹೆಡ್ ಕೇಂದ್ರದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಸಂಗತಿ ಸ್ವಾರಸ್ಯಕರ. ಕಡಲಿನಿಂದ ಹಾರುವ ಕಣವೆಂದರೆ ಉಪ್ಪು ಎಂದೇ ಎಲ್ಲರ ನಂಬಿಕೆಯಿತ್ತು. ಆದರೆ ಸಾಗರದಲ್ಲಿ ಸೂಕ್ಷ್ಮ ಸಸ್ಯಗಳು ಸೊಂಪಾಗಿ ಬೆಳೆಯುವ ಕಾಲದಲ್ಲಿ, ಒಂದು ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳ ದ್ರವ್ಯರಾಶಿಯಲ್ಲಿ 63% ಸಾವಯವ ಪದಾರ್ಥವೆಂದು ಕಂಡುಬಂತು; ಚಳಿಗಾಲದಲ್ಲಿ ಅದು 15%ಕ್ಕೆ ಇಳಿಯುತ್ತಿತ್ತು. ಬೇಳೆ ಬೇಯುವಾಗ ಮೇಲೆ ನೊರೆ ಏಳುವಂತೆ, ಕಡಲಿನ ಜೀವಿಗಳಿಂದ ಬಂದ ಜಿಡ್ಡಿನಂಶ ನೀರಿನ ಮೇಲ್ಮೈಗೆ ಸೇರಿ, ಗುಳ್ಳೆ ಒಡೆದಾಗ ಹನಿಯ ಜೊತೆ ಹಾರುತ್ತದೆ. ಈ ಜಿಡ್ಡಿನ ಪೊರೆ ಹನಿಯ ಮೇಲ್ಮೈ ಸೆಳೆತವನ್ನು ತಗ್ಗಿಸಿ, ಕಣವು ಮೋಡದ ಹನಿಯಾಗುವುದನ್ನು ಸುಲಭಗೊಳಿಸುತ್ತದೆ ಎಂದು ಅದೇ ಕೇಂದ್ರದ ಅವಲೋಕನಗಳನ್ನು ಆಧರಿಸಿ 2017ರಲ್ಲಿ ತೋರಿಸಲಾಯಿತು. ಮಳೆಯ ನಾಡಿನಲ್ಲಿರುವ ನಾವು ಕೊಡೆ ಬಿಡಿಸುವಾಗ ನೆನೆಯಬೇಕಾದ ವಿಚಾರ!

ಈ ಕಡಲಹನಿಗೂ ನಮ್ಮ ಒಗ್ಗರಣೆಗೂ ಸಂಬಂಧವಿದೆ ಎಂದರೆ ನೀವು ನಗಬಹುದು. 2004ರಲ್ಲಿಯೇ ಇಂಗ್ಲೆಂಡಿನ ಮೂವರು ವಿಜ್ಞಾನಿಗಳು ಸಮುದ್ರದ ನೀರಿನ ಹನಿಯೊಂದಕ್ಕೆ ಓಲಿಯಿಕ್ ಆಮ್ಲವನ್ನು ಬೆರೆಸಿ, ಅದನ್ನು ಲೇಸರ್ ಚಿಮ್ಮಟದಲ್ಲಿ ಹಿಡಿದು, ಓಝೋನನ್ನು ಹಾಯಿಸಿದರು. ಓಝೋನ್ ತಾಗಿದಂತೆ ಆ ಆಮ್ಲದ ಅಣು ಮಧ್ಯದಲ್ಲಿ ತುಂಡಾಗಿ ಬೇರೆ ಪದಾರ್ಥಗಳು ಹುಟ್ಟುವುದನ್ನು ರಾಮನ್ ರೋಹಿತದಲ್ಲಿ ಹಂತಹಂತವಾಗಿ ನೋಡಿದರು. ಓಲಿಯಿಕ್ ಆಮ್ಲವೆಂದರೆ ಯಾವ ಅಪರೂಪದ ವಸ್ತುವೂ ಅಲ್ಲ. ನಮ್ಮ ಕಡಲೆಕಾಯಿ ಎಣ್ಣೆಯ ಮುಖ್ಯ ಅಂಶಗಳಲ್ಲಿ ಒಂದು. ಕಾದ ಎಣ್ಣೆಗೆ ಸಾಸಿವೆ ಸಿಡಿಸಿದಾಗ ಮೇಲೇಳುವ ಹಬೆಯಲ್ಲಿ ಅದು ಹನಿಹನಿಯಾಗಿ ತೇಲುತ್ತದೆ. ನಗರಗಳ ಗಾಳಿಯಲ್ಲಿ ಅಡುಗೆಯ ಪಾಲನ್ನು ಗುರುತಿಸಲು ವಿಜ್ಞಾನಿಗಳು ಹುಡುಕುವ ಕುರುಹುಗಳಲ್ಲಿ ಇದೂ ಒಂದು. ಪ್ರಯೋಗಶಾಲೆಯಲ್ಲಿ ಬೇಗನೆ ಕರಗಿಹೋಗುವ ಈ ಆಮ್ಲ ಹೊರಗಿನ ಗಾಳಿಯಲ್ಲಿ ದಿನಗಟ್ಟಲೆ ಏಕೆ ಉಳಿಯುತ್ತದೆ ಎಂಬುದು ಬಹುಕಾಲದ ಒಗಟು. ಮೈಮೇಲಿನ ಪೊರೆ ಗಟ್ಟಿಯಾಗಿ ಒಳಗಿನದನ್ನು ಕಾಯುತ್ತದೆ ಎಂಬುದು ಅದಕ್ಕೆ ಕೊಟ್ಟಿರುವ ಉತ್ತರಗಳಲ್ಲಿ ಒಂದು.

ಇನ್ನು ಹೊಗೆಗೆ ಬರೋಣ. 1980ರ ದಶಕದ ಡಬ್ಲಿನ್ ಚಳಿಗಾಲವನ್ನು ನಾನು ಕಂಡಿಲ್ಲ. ಕಂಡವರು ಕಲ್ಲಿದ್ದಲ ಹೊಗೆಯಿಂದ ಬೀದಿಯ ಆಚೆಬದಿ ಕಾಣುತ್ತಿರಲಿಲ್ಲವೆಂದು ಹೇಳುತ್ತಾರೆ. 1990ರ ಸೆಪ್ಟೆಂಬರ್ 1ರಂದು ಸಚಿವೆ ಮೇರಿ ಹಾರ್ನಿ ಅವರು ಡಬ್ಲಿನ್ನಿನಲ್ಲಿ ಹೊಗೆಯುಗುಳುವ ಕಲ್ಲಿದ್ದಲ ಮಾರಾಟವನ್ನು ನಿಷೇಧಿಸಿದರು. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ನಿಷೇಧದ ನಂತರದ ಆರು ವರ್ಷಗಳಲ್ಲಿ ಕಪ್ಪು ಹೊಗೆಯ ಪ್ರಮಾಣ ಸುಮಾರು 70% ತಗ್ಗಿತು. ಉಸಿರಾಟದ ಕಾಯಿಲೆಯಿಂದಾಗುವ ಸಾವುಗಳು 15.5% ಇಳಿದವು. ಹೃದ್ರೋಗದ ಸಾವುಗಳೂ ಇಳಿದವೆಂದು ಆಗ ಹೇಳಿದ್ದನ್ನು 2013ರ ಮರುಪರಿಶೀಲನೆ ಒಪ್ಪಲಿಲ್ಲ, ಏಕೆಂದರೆ ನಿಷೇಧವಿಲ್ಲದ ಕಡೆಗಳಲ್ಲೂ ಅವು ಇಳಿಯುತ್ತಿದ್ದವು. ಉಸಿರಾಟದ ವಿಷಯದಲ್ಲಿನ ಲಾಭವನ್ನು ಅದು ಎತ್ತಿಹಿಡಿಯಿತು. ಹೀಗೆ ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವುದರಿಂದ ವಿಜ್ಞಾನದ ಮೇಲಿನ ನನ್ನ ವಿಶ್ವಾಸ ಹೆಚ್ಚಿತೇ ಹೊರತು ಕುಂದಲಿಲ್ಲ.

ಆಗ ಅಳೆದದ್ದು ಕಪ್ಪನ್ನು, ಎಂದರೆ ಸೋಸುಕಾಗದ ಎಷ್ಟು ಕಪ್ಪಾಯಿತು ಎಂಬುದನ್ನು. ಕಪ್ಪು ಹೋಯಿತು, ಆದ್ದರಿಂದ ಹೊಗೆಯೂ ಹೋಯಿತೆಂದು ಜನ ನೆಮ್ಮದಿಯಾಗಿದ್ದರು. ಆದರೆ ಕಣ ಏನೆಂದು ಕೇಳುವ ಉಪಕರಣವನ್ನು ಡಬ್ಲಿನ್ನಿನಲ್ಲಿ ಇಟ್ಟಾಗ ಬೇರೆಯೇ ಕಥೆ ಹೊರಬಂತು. ಗಾಲ್ವೇ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಉಪಕರಣ ಬೆಳಕಿನದಲ್ಲ; ಕಣವನ್ನು ಕಾಯಿಸಿ ಆವಿಮಾಡಿ ಅದರ ತುಣುಕುಗಳನ್ನು ವಿಂಗಡಿಸುವಂಥದು. ಕೇಳಿದ ಪ್ರಶ್ನೆ ಮಾತ್ರ ಟಿಂಡಲ್ ಅವರದೇ. ಚಳಿಗಾಲದ ಕೆಲವು ರಾತ್ರಿಗಳಲ್ಲಿ ಅತಿಸೂಕ್ಷ್ಮ ಕಣಗಳು ಘನ ಮೀಟರಿಗೆ ಸುಮಾರು 300 ಮೈಕ್ರೋಗ್ರಾಂ ತಲುಪುತ್ತಿದ್ದವು. ಅದರ 70%ದವರೆಗಿನ ಪಾಲು, ಅಲ್ಪಸಂಖ್ಯೆಯ ಮನೆಗಳಷ್ಟೇ ಉರಿಸುತ್ತಿದ್ದ ಪೀಟ್ ಮತ್ತು ಸೌದೆಯಿಂದ ಬಂದದ್ದಾಗಿತ್ತು.

ಪೀಟ್ ಎಂದರೇನೆಂದು ಐರ್ಲೆಂಡನ್ನು ಕಾಣದವರಿಗೆ ಹೇಳಬೇಕು. ಜವುಗು ನೆಲದಲ್ಲಿ ಸಾವಿರಾರು ವರ್ಷ ಕೊಳೆಯದೆ ಉಳಿದ ಪಾಚಿ ಮತ್ತು ಸಸ್ಯಗಳ ಕಪ್ಪು ಹೆಂಟೆ ಅದು. ಬೇಸಿಗೆಯಲ್ಲಿ ಕಡಿದು, ಬಿಸಿಲಿಗೆ ಗೂಡುಕಟ್ಟಿ ಒಣಗಿಸಿ, ಮನೆಯ ಪಕ್ಕದಲ್ಲಿ ಒಟ್ಟುತ್ತಾರೆ. ನೋಡಿದಾಗಲೆಲ್ಲ ನಮ್ಮೂರಿನ ಬೆರಣಿಯ ಒಟ್ಟಿಲು ಕಣ್ಣಮುಂದೆ ಬರುತ್ತದೆ. ಅದರ ಹೊಗೆಗೆ ಒಂದು ಮಧುರವಾದ ಕಂಪುಂಟು. ನಮ್ಮ ನೆರೆಯ ಅಜ್ಜಿಯೊಬ್ಬರು ಆ ವಾಸನೆಯನ್ನು ತನ್ನ ತಾಯಿಯ ಸೆರಗಿನ ವಾಸನೆಯೆಂದೇ ಹೇಳುತ್ತಿದ್ದರು. ಸೆರಗೆಂಬ ಮಾತು ನನ್ನದು, ಅವರು ಹೇಳಿದ್ದು ಶಾಲು. 2022ರ ವಸಂತದಲ್ಲಿ ಸರ್ಕಾರ ಇದರ ಮಾರಾಟಕ್ಕೆ ಕಡಿವಾಣ ಹಾಕಹೊರಟಾಗ ಎದ್ದ ಕೋಲಾಹಲ ಆರ್ಥಿಕವಾದದ್ದು ಮಾತ್ರವಾಗಿರಲಿಲ್ಲ. ಅಜ್ಜ ಕಡಿದ ಜವುಗಿನಲ್ಲಿ ಮೊಮ್ಮಗ ಕಡಿಯಬಾರದೇ ಎಂಬ ಪ್ರಶ್ನೆ ಅದರಲ್ಲಿತ್ತು. ಕೊನೆಗೆ 2022ರ ಅಕ್ಟೋಬರ್ 31ರಿಂದ ಜಾರಿಗೆ ಬಂದ ನಿಯಮಗಳು ಹೊಗೆಯುಗುಳುವ ಕಲ್ಲಿದ್ದಲನ್ನು ದೇಶದಾದ್ಯಂತ ನಿಷೇಧಿಸಿದವು, ಹಸಿ ಸೌದೆಯ ಮಾರಾಟವನ್ನು ನಿರ್ಬಂಧಿಸಿದವು. ಪೀಟನ್ನು ಅಂಗಡಿಯಲ್ಲಿ ಮಾರುವಂತಿಲ್ಲ, ಜವುಗಿನ ಹಕ್ಕುಳ್ಳವರು ತಮಗಾಗಿ ಕಡಿದು ಉರಿಸಬಹುದು ಎಂದವು. ರಾಜಿಯ ಕಾನೂನು ಅದು. ಹೊಗೆಗೆ ರಾಜಿ ತಿಳಿಯದು. ಆದರೂ ಒಂಟಿ ಅಜ್ಜಿಯ ಒಲೆಯನ್ನು ಒಂದೇ ದಿನದಲ್ಲಿ ಆರಿಸುವುದು ಕ್ರೌರ್ಯವೆಂದು ನಾನೂ ಒಪ್ಪುವೆ.

ಅವರ ಪ್ರಿಯವಾದ ಹೊಗೆಯ ಬಗ್ಗೆ ಇಷ್ಟು ಸಲೀಸಾಗಿ ಬರೆದ ಮೇಲೆ ನಮ್ಮದನ್ನು ಬಿಡುವುದು ಸರಿಯಲ್ಲ. ನಮ್ಮದು ಊದಿನಕಡ್ಡಿ, ಧೂಪ, ಕರ್ಪೂರ ಮತ್ತು ಹೋಮದ ಹೊಗೆ. ಮೈಸೂರಿನ ಊದಿನಕಡ್ಡಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ನಾಡಿನ ಹೆಮ್ಮೆ. ಅದನ್ನು ಹೊಸೆಯುವ ಕೈಗಳು ಬಹುಪಾಲು ಹೆಂಗಸರವು. ಆದರೆ ಒಂದು ಗ್ರಾಂ ಊದಿನಕಡ್ಡಿ ಉರಿದರೆ 45 ಮಿಲಿಗ್ರಾಂಗೂ ಮಿಕ್ಕಿ ಕಣಗಳು ಹೊರಬರುತ್ತವೆ, ಒಂದು ಗ್ರಾಂ ಸಿಗರೇಟಿನಿಂದ ಸುಮಾರು 10 ಮಿಲಿಗ್ರಾಂ ಎಂಬುದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾದ ಲೆಕ್ಕ. ಸಿಗರೇಟನ್ನು ನೇರವಾಗಿ ಶ್ವಾಸಕೋಶಕ್ಕೆ ಎಳೆದುಕೊಳ್ಳುವುದರಿಂದ ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು, ನಿಜ. ಆದರೆ ತೂಕದ ಆಚೆಗೆ ಮೈಯನ್ನು ನೋಡಿದರೂ ನೆಮ್ಮದಿಯಿಲ್ಲ. ಪೂರ್ತಿ ಉರಿಯದ ಯಾವುದೇ ಸೌದೆ, ಎಣ್ಣೆ, ಅಂಟು ಬಿಡುವ ಮಸಿಯ ಮೈಗೆ ಬೆನ್ಜೋಪೈರೀನಿನಂಥ ಕ್ಯಾನ್ಸರ್‌ಕಾರಕ ಅಣುಗಳು ಅಂಟಿಕೊಂಡೇ ಬರುತ್ತವೆ. ಉರಿಸಿದವರ ಭಕ್ತಿಯನ್ನು ನೋಡಿ ಅವು ದೂರ ನಿಲ್ಲುವುದಿಲ್ಲ.

ಹೋಮದ ಹೊಗೆ ವಾಯುವನ್ನು ಶುದ್ಧಗೊಳಿಸುತ್ತದೆ ಎಂಬ ಮಾತನ್ನು ನಮ್ಮ ವೇದಿಕೆಗಳಿಂದ ಎಷ್ಟೋ ಸಲ ಕೇಳಿದ್ದೇನೆ, ವಿಜ್ಞಾನಿಗಳೂ ಒಪ್ಪಿದ್ದಾರೆ ಎಂಬ ಒಗ್ಗರಣೆಯೊಂದಿಗೆ. ಈ ಮಾತನ್ನು ನಾನು ಒಪ್ಪಲಾರೆ. ನಾನು ದೇವರನ್ನು ನಂಬುವವಳು. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚದ ದಿನವಿಲ್ಲ. ಪೂಜೆಯ ಫಲಕ್ಕೆ ರಸಾಯನಶಾಸ್ತ್ರದ ಪ್ರಮಾಣಪತ್ರ ಬೇಕೆಂದು ಹಿರಿಯರು ಎಂದೂ ಕೇಳಲಿಲ್ಲ. ನಾವೇಕೆ ಕೇಳಬೇಕು? ಹಿರಿಯರು ಹೋಮಕುಂಡವನ್ನಿಟ್ಟದ್ದು ಅಂಗಳದಲ್ಲಿ, ಆಕಾಶಕ್ಕೆ ತೆರೆದ ತೊಟ್ಟಿಯ ಬದಿಯಲ್ಲಿ. ಅಡುಗೆಮನೆಗೆ ಗವಾಕ್ಷಿಯಿತ್ತು, ಹೆಂಚಿನ ಸಂದಿನಿಂದ ಹೊಗೆ ತಾನಾಗಿ ಏರಿಹೋಗುತ್ತಿತ್ತು. ಇಲ್ಲಿ ನಾವಿರುವುದು ಚಳಿ ಒಳಬಾರದಂತೆ ಬಿಗಿಯಾಗಿ ಮುಚ್ಚಿದ, ಜೋಡಿಗಾಜಿನ ಕಿಟಕಿಗಳ ಪೆಟ್ಟಿಗೆಯಂಥ ಮನೆಗಳಲ್ಲಿ. ಗೃಹಪ್ರವೇಶದ ದಿನ ಮಾಡಿನ ಹೊಗೆಸೂಚಕ ಕೂಗದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಎಳೆಮಕ್ಕಳನ್ನು ಮುಂದೆ ಕೂರಿಸಿಕೊಂಡು ಗಣಹೋಮ ನಡೆಯುವುದನ್ನು ನೀವೂ ಕಂಡಿರುತ್ತೀರಿ. ಮನೆಗಳಲ್ಲಿರುವ ಈ ಸೂಚಕಗಳಲ್ಲಿ ಅನೇಕವು ಕೆಲಸಮಾಡುವುದು ಕಣಗಳು ಬೆಳಕನ್ನು ಚದರಿಸುವ ತತ್ತ್ವದಿಂದ. ಎಂದರೆ ಪುರೋಹಿತರನ್ನು ಕರೆಯುವ ಮುನ್ನ ನಾವು ಮಾಡುವ ಮೊದಲ ಕೆಲಸ, ಟಿಂಡಲ್ ಅವರ ಬಾಯಿಗೆ ಚೀಲ ಕಟ್ಟುವುದು.

ಹೊಗೆಯನ್ನು ಅರಿತುಕೊಳ್ಳುವುದು ಸಂಪ್ರದಾಯಕ್ಕೆ ಅಪಚಾರವೆನ್ನುವವರಿಗೆ ನಮ್ಮ ಕರ್ನಾಟಕದ್ದೇ ಒಂದು ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ನಾಯಕತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ, ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಕೆಲಸಮಾಡಿ, ಮೂರು ಪಾತ್ರೆಗಳನ್ನಿಡಬಹುದಾದ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. ಸೌದೆ ಅದೇ, ರಾಗಿಮುದ್ದೆಯೂ ಅದೇ. ಹೆಂಗಸರ ಕಣ್ಣುರಿ ಮಾತ್ರ ಕಡಿಮೆಯಾಯಿತು. ಒಲೆಯನ್ನು ಬದಲಾಯಿಸಿದ್ದರಿಂದ ಯಾರ ಕುಲಾಚಾರವೂ ಕೆಡಲಿಲ್ಲ.

ತೂಕದ ಮಿತಿಯನ್ನೇ ಪಾಲಿಸಲಾಗದಿರುವಾಗ ಮೇಲ್ಮೈಯ ಮಾತೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಸರಾಸರಿಯ ಮಿತಿ 5 ಮೈಕ್ರೋಗ್ರಾಂ. ಯುರೋಪಿನ ಒಕ್ಕೂಟ 2024ರ ನಿರ್ದೇಶನದಲ್ಲಿ ತನ್ನ ಮಿತಿಯನ್ನು 25ರಿಂದ 10ಕ್ಕೆ ಇಳಿಸಿ, 2030ರ ಗಡುವು ಹಾಕಿದೆ. ಭಾರತ 2009ರಲ್ಲಿ ನಿಗದಿಪಡಿಸಿದ್ದು 40. ಆ ಸಡಿಲ ಮಾನದಂಡಗಳನ್ನೂ ಮೀರಿದ ನಗರಗಳಿಗೆಂದು 2019ರಲ್ಲಿ ರೂಪಿಸಿದ ಶುದ್ಧವಾಯು ಯೋಜನೆಯಲ್ಲಿ ನಮ್ಮ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಹೆಸರಿವೆ. ಕಣದ ಯಾವ ಅಂಶ ಎಷ್ಟು ಹಾನಿಕರ ಎಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಸೀಸದಂಥ ಕೆಲವು ಲೋಹಗಳಿಗೆ, ಬೆನ್ಜೋಪೈರೀನಿಗೆ ಯುರೋಪಿನಲ್ಲಿ ಪ್ರತ್ಯೇಕ ಮಿತಿಗಳಿರುವುದನ್ನು ಬಿಟ್ಟರೆ ಉಳಿದದ್ದೆಲ್ಲ ತೂಕದ ಲೆಕ್ಕವೇ. ಆದರೆ ಅದೇ 2024ರ ನಿರ್ದೇಶನ, ಆಯ್ದ ಕೇಂದ್ರಗಳಲ್ಲಿ ಕಪ್ಪು ಇಂಗಾಲವನ್ನೂ ಅತಿಸೂಕ್ಷ್ಮ ಕಣಗಳ ಸಂಖ್ಯೆಯನ್ನೂ ಅಳೆಯಬೇಕೆಂದು ಮೊದಲ ಬಾರಿಗೆ ವಿಧಿಸಿದೆ. ಡಬ್ಲಿನ್ನಿನ ಅನುಭವ ನನಗೆ ಹೇಳುವುದು, ಏನು ಎಂದು ಕೇಳಿದ ಮೇಲೆಯೇ ಯಾರ ಒಲೆಯಿಂದ ಎಂಬುದು ತಿಳಿಯುತ್ತದೆ, ಯಾವುದನ್ನು ತಡೆಯಬೇಕೆಂಬುದೂ ತಿಳಿಯುತ್ತದೆ.

ನಮ್ಮ ಮಟ್ಟಿಗೆ ನನ್ನ ಸಲಹೆಗಳು ಸಣ್ಣವು. ಹೋಮವನ್ನು ಹಿತ್ತಲಿನಲ್ಲಿ, ಮಳೆ ಬಂದರೆ ಚಪ್ಪರದ ಕೆಳಗೆ ಮಾಡೋಣ. ಒಗ್ಗರಣೆ ಹಾಕುವಾಗ ಹೊಗೆ ಹೀರುವ ಯಂತ್ರವನ್ನು ಎಣ್ಣೆ ಕಾಯುವ ಮೊದಲೇ ಹಚ್ಚೋಣ. ಆ ಯಂತ್ರದ ಗಾಳಿ ಹೊರಗೆ ಹೋಗುತ್ತದೆಯೋ, ಸೋಸಿಕೊಂಡು ಮತ್ತೆ ಒಳಗೇ ಬರುತ್ತದೆಯೋ ಎಂದು ಮನೆಯ ಗಂಡಸರು ಒಮ್ಮೆ ಏಣಿ ಹತ್ತಿ ನೋಡಲಿ. ಮುಂದಿನ ಸಮ್ಮೇಳನದ ವಿಜ್ಞಾನಗೋಷ್ಠಿಗೆ ಗಾಲ್ವೇ, ಕಾರ್ಕ್ ನಗರಗಳಲ್ಲಿ ಈ ವಿದ್ಯೆಯನ್ನು ಕಲಿಯುತ್ತಿರುವ ತರುಣ ತರುಣಿಯರಾರಾದರೂ ನಮ್ಮವರಿದ್ದರೆ ಕರೆಸಿ, ಕನ್ನಡದಲ್ಲಿಯೇ ಮಾತನಾಡಿಸಿ. ಮತ್ತು ಸಭಾಂಗಣದ ಪೂಜಾಮಂಟಪದ ಬಳಿ ಒಂದು, ಅಡುಗೆಮನೆಯಲ್ಲಿ ಒಂದು, ಹೊರಬಾಗಿಲಲ್ಲಿ ಒಂದು ಕಣಮಾಪಕವನ್ನಿಟ್ಟು, ಗಂಟೆಗೊಮ್ಮೆ ಅಂಕಿಗಳನ್ನು ಊಟದ ಸಾಲಿನ ಮುಂದೆ ಹಲಗೆಯ ಮೇಲೆ ಬರೆಯಿಸಿ. ಅಗ್ಗದ ಮಾಪಕಗಳು ಮೈಯನ್ನು ಓದಲಾರವು, ಬೆಳಕಿನ ಚದರಿಕೆಯಿಂದ ತೂಕವನ್ನು ಅಂದಾಜುಮಾಡುತ್ತವೆ ಅಷ್ಟೇ. ಆರಂಭಕ್ಕೆ ಅಷ್ಟು ಸಾಕು. ಕಾರ್ಯಕಾರಿ ಸಮಿತಿ ಒಪ್ಪಿದರೆ ಮೂರು ಮಾಪಕಗಳನ್ನೂ ನಾನೇ ತರುವೆ, ಅಂಕಿ ಬರೆಯಲೂ ನಿಲ್ಲುವೆ.